ಒಂಬತ್ತನೆಯ ಳ

ಹಿದ್ದಿನ ಡ್ರೈಡಾಕಿನ ಟೂಲ್‌ರೂಮಿನಲ್ಲಿ
ಹದಿನಾರು ವರ್ಷದಿಂದ ಮೊಳೆ ಎಣಿಸುವವನು ನಾನು.
ಕೊಟ್ಟದ್ದಕ್ಕೆ ಸಹಿ, ಮರಳಿ ಬಂದದ್ದಕ್ಕೆ ಸಹಿ.
ಹಾಗಾಗಿ ಮೊದಲ ಪಾರ್ಸೆಲ್ಲಿನ ಮೇಲೆ
'ಮೊಳೆ ಪ್ರಕಾಶನ, ಬೆಟಗೇರಿ' ಎಂದು ಕಂಡಾಗ
ನಗು ಬಂತು. ಬಿಚ್ಚಿದ ಮೇಲೆ ನಿಂತಿತು.

ಕೈಕಾಗದ. ಅಚ್ಚುಮೊಳೆ ಒತ್ತಿದ ಗುರುತು
ಹಾಳೆಯ ಬೆನ್ನಲ್ಲಿ ಬೆರಳಿಗೆ ಸಿಗುತ್ತದೆ
ಆಗಸ್ಟಿನ ಬೆವರುಸಾಲೆಯ ಹಾಗೆ.
ಒಟ್ಟು ನೂರಿಪ್ಪತ್ತೇ ಪ್ರತಿ. ಕೊನೆಗೆ ಪೆನ್ಸಿಲಿನಲ್ಲಿ: ಮೂವತ್ತೇಳು.
ಯಾವ ಪುಸ್ತಕ ಬಂದರೂ ನನಗೆ ಮೂವತ್ತೇಳೇ.
ಯಾಕೆಂದು ಕೇಳಿದ್ದಕ್ಕೆ ನೀಲವ್ವ ಗುಡಗೇರಿಯ ಉತ್ತರ:
'ಬಸ್ಸಿನ್ಯಾಗ ಅದು ನಿಮ್ಮ ಸೀಟ್ ಅನ್ಕೋರಿ.'

ಒಂದಕ್ಕೆ ಆರು ದಿನಾರು. ಅಂಚೆ ಬೇರೆ.
ಮೇಲಿನ ಮಂಚದ ಕಡಪದ ಓಬುಲೇಸು ಕೇಳಿದ:
ಓದ್ತೀಯಾ ಇದನ್ನೆಲ್ಲ?
ಅಂಚು ಕೊಯ್ಯದ ಪುಸ್ತಕ. ಹಾಳೆಗಳು ಮಡಿಕೆಯಲ್ಲೇ
ಕೂಡಿಕೊಂಡಿವೆ. ಕೊಯ್ದರೆ ಓದಬಹುದು.
ಕೊಯ್ಯಲಿಲ್ಲ. ಟಾರ್ಚು ಹಿಡಿದು ಸಂದಿಯಲ್ಲಿ ಇಣುಕಿ
ಸಾಲಿನ ಮೊದಲು ಸಿಕ್ಕರೆ ಕೊನೆ ಬಿಟ್ಟು,
ಉಳಿದದ್ದನ್ನು ನಾನೇ ಬರೆದುಕೊಂಡು ಓದಿದೆ
ಹನ್ನೊಂದು ಪುಸ್ತಕ.
ಮಂಚದಡಿಯ ಟ್ರಂಕಿನಲ್ಲಿ ಅವಕ್ಕೆ ಕಾವಲು
ಬೇರಿಂಗ್ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಪೊಟ್ಟಣ.
ಏಸಿ ತೊಟ್ಟಿಕ್ಕುವ ಕಡೆಗೆ ನನ್ನ ತಲೆದಿಂಬು.

ನಾನೂ ಬರೆಯುತ್ತೇನೆ, ಇಶ್ಯೂ ಸ್ಲಿಪ್ಪುಗಳ ಹಿಂದೆ.
ಮನೆಮಾತು ಕೊಂಕಣಿ, ಬೈಗುಳ ಹಿಂದಿ,
ಕವಿತೆ ಮಾತ್ರ ಯಾಕೋ ಕನ್ನಡದಲ್ಲೇ ಬರುತ್ತದೆ.
ಎರಡು ಸಲ ಕಳಿಸಿದೆ. ಎರಡು ಸಲವೂ
ವಲೇರಿಯನ್ ಮಥಾಯಸರ ಕವಿತೆ ಕ್ಷೇಮವಾಗಿ ಮನೆಗೆ ಬಂತು,
ಜೊತೆಗೊಂದು ಚೀಟಿ: 'ಇನ್ನೂ ಕಾಯಿ ಅದಾವ್ರಿ.'

ಆಮೇಲೆ, ಹಡಗೊಂದು ಹೊಟ್ಟೆ ಕೆರೆಸಿಕೊಳ್ಳುತ್ತಿದ್ದ ವಾರ,
ಗ್ರಾಹಕರಿಗೆಲ್ಲ ಒಂದೇ ಕಾಗದ:
'ಪುಸ್ತಕ ತಡ ಆಗತೈತಿ. ಬರೇ ಳ ಎಂಟs ಉಳದಾವ.
ಒಂದು ಪುಟದಾಗ ಒಂಬತ್ತ ಬೇಕು. ಎರಕ ಹೊಯ್ಯವರು ಸತ್ತರು.
ಕವಿಗೆ ಹೇಳಿ "ಕಳವಳ" ತಗಸೇನಿ,
ಒಂದ ಶಬ್ದಕ್ಕ ಎರಡ ತಿಂತದ.
"ಬೆಳಕು" ಬಿಡಂಗಿಲ್ಲ ಅಂತಾನ.'

ಲೇತಿನ ಉಸ್ತಾದ್ ನಜಾಕತ್,
ಸಿಯಾಲ್‌ಕೋಟಿನಲ್ಲಿ ಕತ್ತರಿ ಚಿಮಟ ಮಾಡುವ ಮನೆತನ.
ಹಳೆಯ ಪುಸ್ತಕದಿಂದ ತೆಗೆದ ಅಳತೆ ಮುಂದಿಟ್ಟೆ.
ಯಾವ ಮೆಷಿನ್ನಿನ ಪಾರ್ಟು? ಎಂದ.
ಬಾಯಿಯದು, ಎಂದೆ. ನಾಲಗೆ ಮಡಚಿ ತೋರಿಸಿದೆ.
ಅವನು ಎರಡು ಸಲ ಅಂದು ನೋಡಿ ಸುಮ್ಮನಾದ.
'ನಮ್ಮಜ್ಜಿಯ ಪಂಜಾಬಿಯಲ್ಲಿ ಇದಿತ್ತು. ಬರೆಯಲು
ಅಕ್ಷರವೇ ಇರಲಿಲ್ಲ. ಹೀಗಿರುತ್ತದೋ ಇದು?'
ಹಿತ್ತಾಳೆ ತುಂಡಿಗೆ ಮೂರು ಶುಕ್ರವಾರ ಅರ ಹಾಕಿದ.
ತಿರುಗುಮುರುಗು ಕೆತ್ತಬೇಕು ಅಂದಾಗ ನಕ್ಕ:
'ನನಗೆ ನೀವೆಲ್ಲ ಬರೆಯುವುದೇ ತಿರುಗುಮುರುಗು.'

ಊರಿಗೆ ಹೊರಟವನೊಬ್ಬನ ಸಾಬೂನುಪೆಟ್ಟಿಗೆಯಲ್ಲಿ
ಅದು ಸಮುದ್ರ ದಾಟಿತು.

ಐದು ತಿಂಗಳು. ಪುಸ್ತಕ ಬಂತು, ಚೀಟಿಯಿಲ್ಲ.
ಮೂವತ್ತೇಳು.
ನನ್ನ ಹೆಸರಿಗೆ ನಾನೇ ಸಹಿ ಹಾಕಿ
ಟೂಲ್‌ರೂಮಿನಿಂದ ಫೀಲರ್ ಗೇಜು ತಂದೆ.
ಅದರ ತೆಳು ಎಲೆಯಲ್ಲಿ ಮಡಿಕೆ ಕೊಯ್ಯುತ್ತ ಹೋದೆ,
ಓಬುಲೇಸು ಮಂಚದಿಂದ ಕಾಲು ಇಳಿಬಿಟ್ಟು ನೋಡುತ್ತಿದ್ದ.
ವಿಮಾನವೊಂದು ತಾರಸಿ ಸವರಿ ಇಳಿಯಿತು.

ಹತ್ತೊಂಬತ್ತನೆಯ ಪುಟ. ಕೆಳಗಿನಿಂದ ಎರಡನೆಯ ಸಾಲು.
'ಬೆ'ಗೂ 'ಕು'ವಿಗೂ ನಡುವೆ
ಉಳಿದೆಂಟಕ್ಕಿಂತ ಕಪ್ಪಗೆ, ಕಾಗದಕ್ಕೆ ತುಸು ಆಳ ಕಚ್ಚಿ.
ನನ್ನ ಅಚ್ಚಾದ ಕೃತಿ. ಇಷ್ಟೇ.

ಉಸ್ತಾದ್ ಹಾಳೆಯ ಬೆನ್ನು ಹೆಬ್ಬೆರಳಲ್ಲಿ ತಡವಿ
ಮುಖ ಸಿಂಡರಿಸಿದ: ಕೂದಲೆಳೆ ಎತ್ತರವಾಯಿತು.
ಇನ್ನೊಂದು ಮಾಡುತ್ತೇನೆ.
ಬೇಡ ಎಂದೆ. ಅವನು ಅಳತೆಯ ಚೀಟಿ ಕೊಡಲೇ ಇಲ್ಲ.

ಬೆಳಿಗ್ಗೆ ಗೇಜು ಮರಳಿಸಿದೆ.
ಷರಾ ಕಾಲಮ್ಮಿನಲ್ಲಿ ಬರೆದೆ:
ಎಲೆಯ ಮೇಲೆ ಕಾಗದದ ನಾರು, ಒರೆಸಿಲ್ಲ.