ಠರಾವು ಪುಸ್ತಕದಲ್ಲಿ ಬಿಟ್ಟ ಹಾಳೆ

ಅಂಕೋಲೆಯ ಲೈಬ್ರರಿಯಿಂದ ತಂದ,
ರಟ್ಟು ಹರಿದ ಚೀನದ ಚರಿತ್ರೆಯಲ್ಲಿ
ಒಬ್ಬ ರಾಣಿ.
ಸಿಂಹಾಸನದ ಮೇಲೆ ಗಂಡ, ತಲೆನೋವಿನವ.
ಹಿಂದೊಂದು ಪರದೆ. ಪರದೆಯಾಚೆ ಅವಳ ದನಿ.
ಮಂತ್ರಿಗಳು ನಮಸ್ಕರಿಸುವುದು ಅವನಿಗೆ,
ಬೆವರುವುದು ಪರದೆಗೆ.

ನಾನು ಓದಿದ್ದು ಪಂಚಾಯತ ಕಚೇರಿಯಲ್ಲಿ,
ಕರೆಂಟಿಲ್ಲದ ಮಧ್ಯಾಹ್ನ.
ಗಂಗಾವಳಿ ಅಳಿವೆಯ ಉಪ್ಪುಗಾಳಿಗೆ ಕಪಾಟು
ತುಕ್ಕು ಉದುರಿಸುತ್ತಿತ್ತು.
ನಮ್ಮಲ್ಲೂ ಇತ್ತು ಪರದೆ, ತಿರುಗುಮುರುಗು:
ಕುರ್ಚಿಯ ಮೇಲೆ ಅಧ್ಯಕ್ಷೆ ಮಂಕಾಳಿ ಹರಿಕಂತ್ರ,
ಕಪಾಟಿನ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು
ಅವಳ ಗಂಡ ಜಟ್ಟ.
ಅವನು ಕೆಮ್ಮಿದರೆ ಅವಳು ಹೂಂ ಅನ್ನಬೇಕು,
ಎರಡು ಸಲ ಕೆಮ್ಮಿದರೆ ಊಹೂಂ.
ನಾನು ಬರೆದುಕೊಳ್ಳುತ್ತಿದ್ದೆ:
ಸರ್ವಾನುಮತದಿಂದ.

ಆ ರಾಣಿ ತಾಮ್ರದ ಪೆಟ್ಟಿಗೆ ಇಡಿಸಿದಳಂತೆ,
ನಾಲ್ಕು ಕಡೆ ನಾಲ್ಕು ಸೀಳು.
ಯಾರು ಬೇಕಾದರೂ ಯಾರ ಹೆಸರನ್ನಾದರೂ
ಹಾಕಬಹುದು, ವಾಪಸು ತೆಗೆಯಲಾಗದು.
ಎಷ್ಟು ಮನೆಯ ದೀಪ ಆರಿದವೋ,
ಆ ಹಾಳೆಗೆ ಗೆದ್ದಲು ಹಿಡಿದಿದೆ.

ನಮ್ಮದು ತಗಡಿನದು. ಸಲಹಾ ಪೆಟ್ಟಿಗೆ.
ಬೀಗದ ಕೈ ನನ್ನ ಉಡಿದಾರದಲ್ಲಿ.
ಏಳು ತಿಂಗಳಿಂದ ತುಂಬುತ್ತಿತ್ತು:
ಐಸ್ ಫ್ಯಾಕ್ಟರಿಯವನಿಂದ ಅಧ್ಯಕ್ಷೆ ತಿಂದಿದ್ದಾಳೆ.
ಅಧ್ಯಕ್ಷೆಗೆ ಸಹಿ ಬಿಟ್ಟರೆ ಅಕ್ಷರವಿಲ್ಲ.
ಮೈಯೆಲ್ಲ ತಾರ್ಲೆಯ ನಾತ, ಸಭೆಯಲ್ಲಿ ಕೂರಲಾಗದು.
ಕೆಳಗೆ ಹೆಸರಿಲ್ಲ. ನೊಂದ ನಾಗರಿಕ, ಅಷ್ಟೇ.

ಅವಿಶ್ವಾಸದ ನೋಟೀಸು ಬಿತ್ತು.
ಒಂಬತ್ತು ಸದಸ್ಯರನ್ನು ದಾಂಡೇಲಿಯ ರೆಸಾರ್ಟಿಗೆ ಸಾಗಿಸಿ
ಮೂರು ರಾತ್ರಿ ಕೋಳಿ ತಿನ್ನಿಸಿ ತಂದರು.
ವ್ಯಾನಿನಿಂದ ಕಡೆಗೆ ಇಳಿದವನು ಜಟ್ಟ.
ಸ್ಟೂಲಿನ ಕಡೆ ಸುಳಿಯಲಿಲ್ಲ.
ಅವರ ಸಾಲಿನಲ್ಲಿ ನಿಂತ, ಕೆಮ್ಮದೆ.

"ಪೆಟ್ಗಿ ತೆಗಿ" ಅಂದಳು ಮಂಕಾಳಿ, ನನಗೆ.
ಬುಟ್ಟಿಯ ತಳದಿಂದ ತೆಗೆದಳು ಉದ್ರಿ ಪುಸ್ತಕ,
ಹದಿನಾಲ್ಕು ವರ್ಷದ್ದು, ಮೀನುನೀರು ಕುಡಿದು ಉಬ್ಬಿದ್ದು.
ಅವಳಿಗೆ ಬರೆಯಲು ಬಾರದು; ಸಾಲ ತಿಂದವರೇ
ತಮ್ಮ ತಮ್ಮ ಕೈಯಿಂದ ಬರೆದ ಲೆಕ್ಕ:
ಬಂಗಡೆ ಇಪ್ಪತ್ತು, ಸೀಗಡಿ ಎರಡು ಪಾಲು.
ಅಂಚಿನಲ್ಲಿ ಮಾತ್ರ ಅವಳ ಗುರುತು,
ತೀರಿಸಿದರೆ ಸೂರ್ಯ, ತೀರಿಸದಿದ್ದರೆ ಚಂದ್ರ.

ರಾಣಿಯ ಹೆಸರಿಗೂ ಒಂದು ಹೊಸ ಅಕ್ಷರ ಹುಟ್ಟಿತಂತೆ:
ಬಯಲಿನ ಮೇಲೆ ಸೂರ್ಯ, ಚಂದ್ರ.
ಅದು ನೆನಪಾಗಿ ನನ್ನ ಪೆನ್ನು ನಿಂತಿತು.

ಓದಲು ಬಾರದವರಿಗೆ ಅಕ್ಷರ ಬರೀ ಮುಖ.
ಚೀಟಿಯನ್ನು ಪುಸ್ತಕದ ಪಕ್ಕ ಇಟ್ಟು ನೋಡಿದಳು,
ಬಂಗಡೆಯ ಕಿವಿ ಎತ್ತಿ ತಾಜಾವೋ ಹಳತೋ ನೋಡುವ ಹಾಗೆ.
"ಈ ಬಾಲ ಉದ್ದ. ಬುದವಂತ ಮಾಸ್ತರದ್ದು.
ಇದು ಹಿಂದೆ ವಾಲ್ತದೆ, ಕುಡ್ದವ್ರ ಹಂಗೆ. ರುಜಾರಿ.
ಇದು..."
ತಡೆದಳು. ಜಟ್ಟನ ಕಡೆ ತಿರುಗಲಿಲ್ಲ.
"ಈ ಕೈ ರಾತ್ರಿ ಶಾಲಿಗೆ ಹೋಗ್ವಾಗ
ಕಂದೀಲ ಹಿಡದವ್ಳು ನಾನೇ."

ಕಡೆಯ ಚೀಟಿ. ತಾರ್ಲೆಯ ನಾತದ್ದು.
ದುಂಡಗಿನ ಅಕ್ಷರ, ಸರ್ಕಾರಿ ನೀಲಿ ಶಾಯಿ.
ಬಹಳ ಹೊತ್ತು ಹಿಡಿದಿದ್ದಳು.
ಪುಸ್ತಕ ತಂತಾನೇ ನನ್ನ ಪುಟಕ್ಕೆ ಮಗುಚಿತ್ತು,
ಹನ್ನೊಂದು ಚಂದ್ರ.
"ಇದ್ ಮಾತ್ರ ಯಾರ್ದೋ, ಗುರ್ತಾಗ್ಲಿಲ್ಲ"
ಅಂದು ಮಡಚಿ ಕವಳದ ಸಂಚಿಗೆ ಹಾಕಿಕೊಂಡಳು.

ಕೈ ಎತ್ತಿದವರು ಒಂಬತ್ತು.
ಎತ್ತುವಾಗ ಒಬ್ಬೊಬ್ಬರೂ ಬೆರಳು ಮಡಚಿಕೊಂಡಿದ್ದರು.

ರಾಣಿಯ ಗೋರಿಯ ಮುಂದೆ ಒಂದು ಕಲ್ಲಿದೆಯಂತೆ,
ಆಳೆತ್ತರವಲ್ಲ, ತೆಂಗಿನೆತ್ತರ.
ಅಕ್ಷರವಿಲ್ಲ.
ಸೊಕ್ಕು ಅನ್ನುತ್ತಾರೆ ಕೆಲವರು, ನಾಚಿಕೆ ಅನ್ನುತ್ತಾರೆ ಕೆಲವರು.
ಬರೆಯಬೇಕಾದ ಗುಮಾಸ್ತನ ಮಾತು
ಯಾರೂ ಎತ್ತುವುದಿಲ್ಲ.

ನಮ್ಮ ಠರಾವು ಪುಸ್ತಕದ ನೂರಾ ಹನ್ನೆರಡನೆಯ ಹಾಳೆ
ಖಾಲಿ ಬಿಟ್ಟಿದ್ದೇನೆ.
ಕಾರವಾರದ ಆಡಿಟಿನವರು ಕೇಳಿದರು.
ಎರಡು ಹಾಳೆ ಅಂಟಿಕೊಂಡಿದ್ದವು ಸರ್, ಮಳೆಗಾಲ, ಅಂದೆ.

ಈಗಲೂ ಬರುತ್ತಾಳೆ, ಬೆಳಗಿನ ಎಂಟಕ್ಕೆ.
ಬುಟ್ಟಿ ಇಳಿಸಿ, ಬಂಗಡೆ ಎಣಿಸಿ,
ಪುಸ್ತಕ ನನ್ನ ಮುಂದೆ ನೂಕಿ "ಬರಿ" ಅನ್ನುತ್ತಾಳೆ.
ಬೇರೆ ಥರ ಬರೆಯಲು ನೋಡುತ್ತೇನೆ.
ಕೈ ಕೇಳುವುದಿಲ್ಲ.