ಅರ್ಧ ಉಸಿರು ಹಿಂದೆ

ವಾರ್ಸಾದಲ್ಲಿ ನವೆಂಬರ್ ಮುಗಿಯುವ ಹೊತ್ತು,
ಮೂರೂವರೆಗೇ ಕತ್ತಲು.
ನೆಲಮಾಳಿಗೆಯ ಸ್ಟುಡಿಯೋದಲ್ಲಿ ಗುಂಡಿ ಒತ್ತುವವಳು ನಾನು.
ಗಾಜಿನಾಚೆ ಬೊಗುಮಿಲ್, ವರ್ಷ ಅರವತ್ತೇಳು,
ಸ್ವೆಟರಿನ ಮೊಣಕೈಗೆ ತೇಪೆ,
ಪಕ್ಕದಲ್ಲಿ ಆರಿಹೋದ ಚಹಾ.

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು:
ಪರದೇಶದ ಸಿನಿಮಾ ಟೀವಿಗೆ ಬಂದರೆ
ಎಲ್ಲರ ಮಾತನ್ನೂ ಒಬ್ಬನೇ ಓದುತ್ತಾನೆ.
ಕೊಲೆಗಾರನದು, ಕೊಲೆಯಾದವಳದು,
ಸಾಕ್ಷಿ ಹೇಳಲು ಬಂದ ಮಗುವಿನದು,
ಎಲ್ಲವೂ ಒಂದೇ ದನಿ, ತರಕಾರಿ ಚೀಟಿ ಓದಿದ ಹಾಗೆ.
ಮೂಲದ ಮಾತು ಅಡಿಯಲ್ಲಿ ಸಣ್ಣಗೆ ಹರಿಯುತ್ತಿರುತ್ತದೆ,
ಇವನು ಅದಕ್ಕಿಂತ ಅರ್ಧ ಉಸಿರು ಹಿಂದೆ.
ನಟಿಸಕೂಡದು. ಇರುವುದು ಅದೊಂದೇ ನಿಯಮ.
ಅಳುವವಳು ಅಲ್ಲಿ ಅಳುತ್ತಿದ್ದಾಳಲ್ಲ, ಎನ್ನುತ್ತಿದ್ದ,
ಒಂದು ಸಾವಿಗೆ ಎರಡೆರಡು ಸೂತಕ ಯಾಕೆ?

ಮೂವತ್ತೊಂದು ವರ್ಷ.
ನನ್ನ ಅಮ್ಮನ ಪಾಲಿಗೆ ಜಗತ್ತಿನ ಪ್ರೇಮಿಗಳೆಲ್ಲ
ಇವನ ಗಂಟಲಿನಲ್ಲೇ ಮಾತಾಡಿದ್ದು.
ಅಪ್ಪ ಬಿಟ್ಟುಹೋದ ಚಳಿಗಾಲ,
'ನೀನಿಲ್ಲದೆ ನಾನಿಲ್ಲ' ಎಂಬುದನ್ನು
ರೈಲಿನ ವೇಳೆ ಸಾರಿದಂತೆ ಇವನು ಸಾರಿದ್ದು ಕೇಳಿ
ಇಸ್ತ್ರಿಪೆಟ್ಟಿಗೆ ಹಿಡಿದಲ್ಲೇ ನಿಂತಳು.
ಆ ಅಂಗಿ ಇನ್ನೂ ಇದೆ, ಕಾಲರಿನಲ್ಲಿ ಕಂದು ತ್ರಿಕೋನ.

ಇವತ್ತಿನದು ಸಿನಿಮಾ ಅಲ್ಲ.
ಲಂಡನ್ನಿನ ಕಂಪನಿಯೊಂದು ಕಳಿಸಿದ ಹದಿನಾಲ್ಕು ನಿಮಿಷ:
ಮನರಂಜನೆ ಉದ್ಯಮ, ಬರುವ ವರ್ಷದ ಮುನ್ನೋಟ.
ಹಲ್ಲು ಬೆಳ್ಳಗಿರುವ ಒಬ್ಬಾತ ಕೈ ಬೀಸಿ ಬೀಸಿ ಹೇಳುತ್ತಾನೆ,
ಬೊಗುಮಿಲ್ ಅವನ ಬೆನ್ನಿಗೆ, ಪೋಲಿಷಿನಲ್ಲಿ:

ಬರುವ ವರ್ಷ ಧಾರಾವಾಹಿಗಳು ಬೆರಳುದ್ದಕ್ಕೆ ಇಳಿಯಲಿವೆ,
ಟ್ರಾಮಿನ ಎರಡು ನಿಲ್ದಾಣಗಳ ನಡುವೆ
ಮದುವೆ, ಮೋಸ, ಮರುಮದುವೆ.
ಬರುವ ವರ್ಷ, ಜಾಹೀರಾತು ಬೇಡವೆಂದು ದುಡ್ಡು ಕೊಟ್ಟವರಿಗೆ
ಸ್ವಲ್ಪವೇ ಜಾಹೀರಾತು.
ಸತ್ತ ನಟರು ಹೊಸ ಕರಾರಿಗೆ ಒಪ್ಪಲಿದ್ದಾರೆ,
ಸಹಿ ಮೊಮ್ಮಕ್ಕಳದು.
ಚಿತ್ರಮಂದಿರಗಳು ಕಮ್ಮಿ, ಕುರ್ಚಿಗಳು ಅಗಲ.
ಪತ್ರಿಕೆಗಳ ಬಗ್ಗೆ ಒಂದೇ ಚಿತ್ರ: ಕೆಳಗಿಳಿಯುವ ಬಾಣ,
ಅದಕ್ಕೆ ಓದಲು ಮಾತೇ ಇರಲಿಲ್ಲ.

ಹನ್ನೊಂದನೆಯ ನಿಮಿಷ.
ಬರುವ ವರ್ಷ ಈ ಭಾಗದ ದೇಶಗಳಲ್ಲಿ
ಮನುಷ್ಯರು ಕೂತು ಓದುವ ಪದ್ಧತಿ ಕೊನೆಗೊಳ್ಳಲಿದೆ.
ಯಂತ್ರದ ದನಿ ಅಗ್ಗ. ದಣಿಯುವುದಿಲ್ಲ.
ಚಹಾ ಕೇಳುವುದಿಲ್ಲ.

ಓದಿದ.
ಅದೇ ಏರಿಳಿತವಿಲ್ಲದ ದನಿ,
ಹಡಗು ಮುಳುಗಿದ್ದನ್ನೂ
ಕೋಳಿಸಾರಿನ ಪುಡಿಯನ್ನೂ ಓದಿದ ದನಿ.
ಪರದೆಯ ಮೇಲೆ ಹಸಿರು ಗೆರೆ ಎಲ್ಲೂ ನಡುಗಲಿಲ್ಲ.
ಚಹಾದ ಮಾತು ಮಾತ್ರ ಹಾಳೆಯಲ್ಲಿರಲಿಲ್ಲ.

ಗಾಜಿನಾಚೆಯಿಂದ ನನ್ನನ್ನೇ ನೋಡಿದ:
ಮತ್ತೊಮ್ಮೆ ಓದಲಾ?
ಬೇಡ, ಅಂದೆ. ಸರಿಯಾಗಿದೆ.

ಅಂದು ಸಂತ ಆಂಜೆಯನ ಹಿಂದಿನ ಇರುಳು.
ಇಲ್ಲಿ ಆ ಇರುಳು ಬೀಗದ ಕೈಯ ಕಣ್ಣಿನೊಳಗಿಂದ
ಕಾದ ಮೇಣವನ್ನು ತಣ್ಣೀರಿಗೆ ಸುರಿಯುತ್ತಾರೆ,
ಹೆಪ್ಪುಗಟ್ಟಿದ್ದರ ನೆರಳನ್ನು ಗೋಡೆಗೆ ಹಿಡಿದು ಕಣಿ ಹೇಳುತ್ತಾರೆ.
ಲೆಕ್ಕಪತ್ರದ ಕಿಂಗಾಳಿಗೆ ಸೂಟ್‌ಕೇಸು ಬಂತು,
ಹಾಳಾದ್ದು, ಯಾರದ್ದೋ ಏನೋ, ಅಂದಳು.
ನನ್ನದು ಏನೆಂದು ಯಾರಿಗೂ ಹೊಳೆಯಲಿಲ್ಲ.
ಬೊಗುಮಿಲ್‌ನದನ್ನು ಕಿಂಗಾ ಕಿವಿ ಎಂದಳು,
ಕಾವಲುಗಾರ ಬಾತುಕೋಳಿ ಎಂದ, ಹಟ ಹಿಡಿದ.
ಬೊಗುಮಿಲ್ ದೀಪಕ್ಕೆ ಹತ್ತಿರ ಹಿಡಿದು ನೋಡಿ,
ಮೇಣ, ಎಂದ, ಓದುವ ದನಿಯಲ್ಲಿ.

ಫೈಲು ಅದೇ ರಾತ್ರಿ ಕಳಿಸಿದೆ. ಚಹಾ ಅದರಲ್ಲೇ ಇದೆ.
ಲಂಡನ್ನಿನಲ್ಲಿ ಪೋಲಿಷರಿಗೇನೂ ಬರವಿಲ್ಲ,
ಆದರೆ ಕಚೇರಿ ಒರೆಸುವವರನ್ನು ಕರೆದು
ವಿಡಿಯೋ ಸರಿಯಿದೆಯೇ ಎಂದು ಯಾರು ಕೇಳುತ್ತಾರೆ?

ಮರುದಿನ ಸ್ಟುಡಿಯೋದ ಬೀಗ ತೆಗೆಯಲಿಲ್ಲ.
ಕೀಲಿಯ ಹಲ್ಲಿನಲ್ಲಿ ಮೂವರ ಭವಿಷ್ಯ ಮೆತ್ತಿಕೊಂಡಿತ್ತು.
ಹೇರ್‌ಪಿನ್ನಿನಿಂದ ಕೆರೆಯುತ್ತ ಕೂತೆ.
ಮೆಟ್ಟಿಲ ಮೇಲೆ ಬೊಗುಮಿಲ್, ತೊಡೆಯ ಮೇಲೆ ಹೊಸ ಹಾಳೆಗಳು,
ಟರ್ಕಿಯ ಧಾರಾವಾಹಿ, ನಾನೂರ ಹನ್ನೆರಡನೆಯ ಕಂತು.
ಅತ್ತೆ, ಸೊಸೆ, ವಕೀಲ, ಮತ್ತೆ ಅತ್ತೆ,
ಅವನ ತುಟಿಗಳು ಆಗಲೇ ಆಡುತ್ತಿದ್ದವು.