ಹಲ್ಲಿನಿಂದ ಕೇಳುವವನು

ಕಾರಾಕೆಚೆಯ ಗಣಿಯಿಂದ ಕಲ್ಲಿದ್ದಲು ಹೊತ್ತು ಇಳಿದ ಕಮಾಜ್ ಲಾರಿ
ನಮ್ಮ ಬಾಗಿಲಲ್ಲಿ ನಿಂತು ಕುಂಟುತ್ತಿತ್ತು.
ನಿಂತಲ್ಲೇ ಕುಂಟುವುದೆಂದರೆ ಏನೆಂದು
ಲಾರಿ ಸಾಕಿದವರಿಗೆ ಗೊತ್ತು.
ಹಿಂದೆ ಬಿಳಿ ಹೊಗೆ, ಕಣ್ಣುರಿ,
ಸೊನ್ನೆಯ ಕೆಳಗೆ ಇಪ್ಪತ್ತಾರು.

ಎಸೆನ್‌ಗುಲ್ ಇಳಿದಿದ್ದೇ ಬೈಗುಳದ ಸಮೇತ:
ಬಾಲಿಕ್ಚಿಯಲ್ಲೊಬ್ಬ, ದೊಡ್ಡ ಬೋರ್ಡಿನವನು,
ಪಂಪು ಹೋಗಿದೆ ಎಂದ, ಪಂಪು ಬದಲಿಸಿದ,
ಎರಡು ಕುದುರೆಯ ದುಡ್ಡು ಎಣಿಸಿಕೊಂಡ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಹೊಗೆ ಮಾತ್ರ ಇದ್ದ ಹಾಗೇ ಇದೆ.

ಇದನ್ನೆಲ್ಲ ಕೇಳಿಸಿಕೊಂಡವಳು ನಾನು.
ಜಕ್ಷಿಲಿಕ್ ಮೇಸ್ತ್ರಿಗೆ, ನನ್ನ ತಾತನಿಗೆ,
ಕಿವಿ ಹೋಗಿ ಒಂಬತ್ತು ಚಳಿಗಾಲ.

ಅವನು ಹೊಗೆಗೆ ಅಂಗೈ ಒಡ್ಡಿ ಮೂಸಿದ.
ಸಿಹಿ ವಾಸನೆ ಇಲ್ಲ, ಅಂದರೆ ನೀರಲ್ಲ.
'ಉರಿಯದ ಡೀಸೆಲ್ಲು' ಎಂದು ಕೂಗಿದ,
'ಒಲೆಗೆ ಎಣ್ಣೆ ಬೀಳುತ್ತಿದೆ, ಬೆಂಕಿ ಹತ್ತುತ್ತಿಲ್ಲ.'
ಫಿಲ್ಟರಿನ ತಳ ಬಿಚ್ಚಿಸಿದ: ಮೇಣ ಕಟ್ಟಿರಲಿಲ್ಲ.
ಕೈಪಂಪು ಒತ್ತಿಸಿದ, ಭುಜ ಬಿದ್ದುಹೋಗುವವರೆಗೆ:
ಒಂದು ಗುಳ್ಳೆಯೂ ಏಳಲಿಲ್ಲ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್.
ಅದರ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಇಂಜಿನ್ನಿಗೆ ಆನಿಸಿ ಕಣ್ಣು ಮುಚ್ಚುತ್ತಾನೆ.
ಕಿವಿಗೆ ಬರದ್ದು ದವಡೆಯ ಮೂಳೆ ಹತ್ತಿ ಬರುತ್ತದಂತೆ.
ಅವನು ಬೆರಳೆತ್ತಿದರೆ
ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸಬೇಕು, ಅದು ನನ್ನ ಕೆಲಸ.

ಮೊದಲನೆಯದನ್ನು ಸಡಿಲಿಸಿದೆ, ಇಂಜಿನ್ ಮುಗ್ಗರಿಸಿತು.
ಬಿಗಿದೆ.
ಎರಡನೆಯದು, ಮೂರನೆಯದು, ಹಾಗೆಯೇ.
ನಾಲ್ಕನೆಯದಕ್ಕೆ ಇಡೀ ಲಾರಿ ಕೊಸರಾಡಿತು.
ಐದನೆಯದನ್ನು ಸಡಿಲಿಸಿದೆ,
ಡೀಸೆಲ್ಲು ಕೈಗವಸು ನೆನೆಸಿತು,
ಸದ್ದು ಬದಲಾಗಲೇ ಇಲ್ಲ.
ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.
ತಾತ ಕಣ್ಣು ತೆರೆದ. 'ಇವನೇ.'

ಚಿಕ್ಕಪ್ಪ ಊಟಕ್ಕೆ ಕೂತಾಗ ಹೇಳುತ್ತಿರುತ್ತಾನೆ,
ಅಂಗಡಿ ಮಾರೋಣ, ಮುದುಕನಿಂದ ಇನ್ನೇನಾಗಬೇಕಿದೆ,
ತಾತನ ಎದುರೇ, ದನಿ ಇಳಿಸದೆ.
ತಾತ ಅವನ ತಟ್ಟೆಗೆ ಒಳ್ಳೆಯ ತುಂಡು ಹುಡುಕಿ ಹಾಕುತ್ತಾನೆ.
ನನಗೆ ಆಗ ಹತ್ತೊಂಬತ್ತರ ಸ್ಪ್ಯಾನರ್ ನೆನಪಾಗುತ್ತದೆ.

ಬಿಚ್ಚಿ ತೆಗೆದ ನಾಝಲಿಗೆ ಮೂತಿಯೆಲ್ಲ ಮಸಿ.
ಪರೀಕ್ಷೆಯ ಪಂಪಿಗೆ ಸಿಕ್ಕಿಸಿ ಒತ್ತಿದರೆ
ಮಂಜಿನಂತೆ ಚಿಮ್ಮಬೇಕಾದ್ದು
ನೆಗಡಿಯ ಮೂಗಿನಂತೆ ತೊಟ್ಟಿಕ್ಕಿತು.
ಎಸೆನ್‌ಗುಲ್ ನಕ್ಕ, ಆ ದಿನಕ್ಕೆ ಮೊದಲ ಸಲ.
ನಾಝಲ್ ಇತ್ತು, ತಾಮ್ರದ ವಾಷರ್ ಹೊಸದಿರಲಿಲ್ಲ.
ತಾತ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ.
ಉಕ್ಕಿಗೆ ಹೀಗೆ ಮಾಡಿದರೆ ಸೆಟೆದುಕೊಳ್ಳುತ್ತದೆ,
ತಾಮ್ರ ಮೆತ್ತಗಾಗುತ್ತದೆ.
ಯಾಕೆಂದು ನಾನು ಕೇಳಿದ್ದೆ ಒಮ್ಮೆ, ಚೀಟಿಯಲ್ಲಿ ಬರೆದು.
'ಅದರ ಸ್ವಭಾವ' ಎಂದಿದ್ದ.

ಕತ್ತಲಾಗುವ ಹೊತ್ತಿಗೆ ಎಂಟೂ ಒಂದೇ ಹೆಜ್ಜೆ ಹಾಕಿದವು.
ಹೊಗೆ ತೆಳ್ಳಗಾಗಿ, ಇಲ್ಲವಾಗಿ,
ಹಿಂದಿನ ಬೆಟ್ಟ ಕಾಣಿಸಿತು.
ಒಂದಿಷ್ಟು ದುಡ್ಡು, ಎರಡು ಮೂಟೆ ಕಲ್ಲಿದ್ದಲು ಇಳಿಸಿ
ಎಸೆನ್‌ಗುಲ್ ಹೊರಟ.

ತಾತ ತಗಡಿನ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದ.
ನನ್ನ ಕಿವಿಯಿಂದ ಲಾರಿ ಜಾರಿ ಎಷ್ಟೋ ಹೊತ್ತಾಗಿತ್ತು,
ಯಾರದೋ ನಾಯಿ, ನದಿಯ ಮಂಜುಗಡ್ಡೆ ಬಿರಿಯುವ ಸದ್ದು, ಅಷ್ಟೇ.
'ಈಗ ಸೇತುವೆ' ಎಂದ.
ಸ್ವಲ್ಪ ತಡೆದು, 'ಗೇರು ತಪ್ಪಿಸಿದ, ಪೆದ್ದ.'

ನಿಜವೋ, ನನ್ನನ್ನು ಆಡಿಸುತ್ತಿದ್ದನೋ.
ತುಟಿಯ ಮೇಲಿನ ಡೀಸೆಲ್ಲು ಒರೆಸಿಕೊಂಡು
ಚಹಾ ಎಲ್ಲಿ ಎಂದ,
ಇಡೀ ಕೊಚ್ಕೋರಿಗೆ ಕೇಳುವಂತೆ.